ನಾಲ್ಕು ಪಟ್ಟಿಯ ಹೊಟ್ಟೆ

"ಸೋಪು ಹಚ್ಚಿ ಸ್ನಾನ ಮಾಡ್ಕೊಂಡು ಬನ್ನಿ. ಬೇರೇನೂ ಮಾಡ್ಬೇಡಿ" ಎಂದಿದ್ದಳು ನರ್ಸಮ್ಮ. ಅಷ್ಟು ಸುಲಭವೇ ಎಂದು ಅವನಿಗೆ ಬೆಳಗಿನಿಂದ ಅನುಮಾನ.

ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ. ಪಿತ್ತಕೋಶದ ಕಲ್ಲು ತಿಂಗಳುಗಟ್ಟಲೆ ಅವನನ್ನು ಬಗ್ಗಿಸಿ ಕುಣಿಸಿತ್ತು. ಹಲ್ಲುಗಿಂಜಿ ಮ್ಯಾನೇಜರರಿಂದ ವಾರದ ರಜೆ ಪಡೆದಿದ್ದ. ಮಧ್ಯಾಹ್ನವೇ ಆಪರೇಷನ್.

ಬಚ್ಚಲಿಗೆ ಹೊರಟವನ ಹೊಟ್ಟೆ ಕಂಡು ಹೆಂಡತಿಯ ತಮ್ಮ ಹೌಹಾರಿದ. "ಏನ್ ಭಾವ ಇದು, ಕರಡಿ ಹೊಟ್ಟೆ! ಡಾಕ್ಟ್ರಿಗೆ ದಾರಿ ಹೇಗೆ ಸಿಗುತ್ತೆ?"

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಬಾಗಿಲಲ್ಲೇ ಪಾಠ ಶುರುಮಾಡಿದರು. "ಕೂದಲು ಅಂದ್ರೆ ಕ್ರಿಮಿಗಳ ವಠಾರ ಕಣಯ್ಯಾ. ಗಾಯ ಕೀವಾದ್ರೆ ಯಾರು ಹೊಣೆ? ಬೋಳಿಸು!"

"ನರ್ಸಮ್ಮ ಬೇರೇನೂ ಬೇಡ ಅಂದಿದ್ರು" ಎಂದಳು ಹೆಂಡತಿ.

"ಶುಚಿಯಾಗಿರು ಅನ್ನೋದನ್ನೂ ಬಾಯ್ಬಿಟ್ಟು ಹೇಳ್ಬೇಕೇನಮ್ಮಾ?" ಎಂದರು ಮೇಷ್ಟ್ರು.

ಕೀವು ಎಂದದ್ದೇ ತಡ, ಅವನು ಕಪಾಟೆಲ್ಲ ತಡಕಾಡಿದ. ಸಿಕ್ಕಿದ್ದು ಹಳೇ ಬ್ಲೇಡು. ಹೆಂಡತಿಯ ತಮ್ಮ ಕನ್ನಡಿ ಹಿಡಿದ. "ಎಡಕ್ಕೆ... ಅಯ್ಯೋ, ನನ್ನ ಎಡಕ್ಕಯ್ಯಾ!" ಎಂದು ಮೇಷ್ಟ್ರು ಕೂಗಿದಾಗಲೆಲ್ಲ ಕೈ ಜಾರಿತು. ಕೊನೆಗೆ ಹೊಟ್ಟೆ ಕನ್ನಡಿಯಂತಾಯಿತು. ನಾಲ್ಕು ಕಡೆ ಬಿರುಕುಬಿಟ್ಟ ಕನ್ನಡಿ.

ಆಸ್ಪತ್ರೆಯಲ್ಲಿ ಸರ್ಜನ್ ಹೊದಿಕೆ ಸರಿಸಿದರು. "ಯಾರ್ರೀ ಇಲ್ಲಿ ಹೊಲ ಉತ್ತಿದ್ದು?"

"ಕೀವಾಗ್ಬಾರ್ದು ಅಂತ, ಡಾಕ್ಟ್ರೇ..."

"ಗೀರು ಬಿದ್ದಲ್ಲೇ ಕ್ರಿಮಿ ಮನೆ ಮಾಡೋದು! ಕೂದಲು ಅಡ್ಡ ಬಂದ್ರೆ ನಾವೇ ಮಿಷನ್ನಲ್ಲಿ ಕತ್ತರಿಸ್ತೀವಿ, ಬ್ಲೇಡು ಮುಟ್ಟಿಸಲ್ಲ. ಇದೆಲ್ಲ ಮಾಯಲಿ, ಮುಂದಿನ ತಿಂಗಳು ಬನ್ನಿ."

ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ತಪ್ಪಿನಂತೆ ನರ್ಸಮ್ಮನ ಮಾತು ಈಗ ದಪ್ಪ ಅಕ್ಷರದಲ್ಲಿ ಕಂಡಿತು. ಆಕೆ ಗೀರುಗಳಿಗೆ ನಾಲ್ಕು ಪಟ್ಟಿ ಅಂಟಿಸಿದಳು.

ಕಲ್ಲಿನ ಸಮೇತ ಮನೆಗೆ ಬಂದ. ಹೆಂಡತಿ ತಮ್ಮನೊಂದಿಗೆ ದಾರಿಯಲ್ಲೇ ಆಟೋ ಇಳಿದು ಮುಲಾಮು ತರಲು ಹೋದಳು. ಒಳಗೆ, ಬೀಗದ ಕೈ ಇಟ್ಟುಕೊಂಡಿದ್ದ ಮೇಷ್ಟ್ರ ಪಕ್ಕದಲ್ಲಿ, ರೋಗಿಯನ್ನು ನೋಡಲು ಬಂದ ಮ್ಯಾನೇಜರ್! ಅವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅಂಗಿ ಎತ್ತಿದರು.

"ನೋಡಿ ಸ್ವಾಮಿ, ಕೀಹೋಲ್ ಆಪರೇಷನ್ನು! ನಾಲ್ಕೇ ತೂತು. ಬೋಳಿಸೋಕೆ ದಾರಿ ತೋರಿಸಿದ್ದು ನಾನೇ. ಒಂದು ತೊಟ್ಟು ಕೀವಿದೆಯಾ?"

"ಭೇಷ್! ಮಧ್ಯಾಹ್ನ ಕೊಯ್ಸಿಕೊಂಡು ಸಂಜೆ ನಡ್ಕೊಂಡು ಬಂದಿದೀರಿ" ಎಂದರು ಮ್ಯಾನೇಜರ್. "ನಿಮಗ್ಯಾಕ್ರೀ ವಾರದ ರಜೆ? ನಾಳೆ ಬಂದ್ಬಿಡಿ."

"ಸಾರ್, ಆಪರೇಷನ್ನೇ ಆಗಿಲ್ಲ! ಕಲ್ಲು ಒಳಗೇ ಇದೆ!"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಪಾಪ, ಮಂಪರು ಇನ್ನೂ ಇಳಿದಿಲ್ಲ" ಎಂದರು ಮೇಷ್ಟ್ರು.

"ಬೆಳಿಗ್ಗೆ ಹೊತ್ತಿಗೆ ಇಳಿಯುತ್ತೆ ಬಿಡಿ" ಎಂದು ಮ್ಯಾನೇಜರ್ ಚಪ್ಪಲಿ ಮೆಟ್ಟಿದರು.

ಹೊಟ್ಟೆಯೊಳಗೆ ಕಲ್ಲು ಮೆಲ್ಲಗೆ ಮಗ್ಗುಲು ಬದಲಿಸಿತು.