ಮಾದರಿ ಮನೆಯಲ್ಲಿ ವಾಸ ಮಾಡಿದ್ದರ ಬಗ್ಗೆ

ಇಂದ,
ಮುನಾವರ್, ಲಗೇಜ್ ಆಟೋ ಚಾಲಕ,
ಚಿಪ್ಪುಗೇರಿ, ತೆಂಗಿನಕಾಯಿ ಮಂಡಿಯ ಹಿಂಭಾಗ,
ಕಡೂರು.
(ಮನೆ ನಂಬರು: ಇಲ್ಲ. ಕಾರಣ ಕೆಳಗೆ ವಿವರಿಸಲಾಗಿದೆ.)

ಗೆ,
ಮಾನ್ಯ ಯೋಜನಾಧಿಕಾರಿಗಳು,
ಸಮುದಾಯಸ್ನೇಹಿ ವಸತಿ ವಿನ್ಯಾಸ ಕೋಶ,
ಕಡೂರು.

ವಿಷಯ: ನಮಗಾಗಿ ಕಟ್ಟಿದ ಮನೆಯಲ್ಲಿ ನಾವು ವಾಸ ಮಾಡಿದ್ದಕ್ಕೆ ವಿವರಣೆ ಹಾಗೂ ಕೋರಿಕೆ.

ಉಲ್ಲೇಖ:
೧) ತಮ್ಮ ಕೋಶದ ನೋಟಿಸು, ವಿಷಯ: "ಮಾದರಿ ಮನೆಯ ದುರುಪಯೋಗ (ವಾಸ)".
೨) ನೋಟಿಸಿನ ಬೆನ್ನಿಗೇ ತಮ್ಮ ಸೈಟ್ ಮೇಲ್ವಿಚಾರಕರಾದ ಶ್ರೀ ಓಂಕಾರೇಶ್ ಅವರು ಫೋನಿನಲ್ಲಿ ಕೊಟ್ಟ ಸೂಚನೆ.
೩) ನನ್ನ ತಾಯಿ ರಹಮತ್ ಬಿ ಅವರ ಮೌಖಿಕ ಆದೇಶ.

ಮಾನ್ಯರೇ,

ತಮ್ಮ ನೋಟಿಸು ತಲುಪಿದೆ. ಅದರ ಮೇಲೆ "ಅನಾಮಧೇಯ ಅತಿಕ್ರಮಣದಾರರಿಗೆ" ಎಂದು ಬರೆದಿದ್ದರೂ ಅಂಚೆಯವರು ಯಾರನ್ನೂ ವಿಚಾರಿಸದೆ ನೇರವಾಗಿ ನನ್ನ ಕೈಗೇ ತಂದುಕೊಟ್ಟರು. ಅದರಲ್ಲಿ ಕೇಳಿರುವುದು ಎರಡು ಪ್ರಶ್ನೆ. ಬೀಗ ಒಡೆದವರು ಯಾರು? ಪ್ರದರ್ಶನಕ್ಕೆಂದು ಕಟ್ಟಿದ ಮನೆಯಲ್ಲಿ ವಾಸ ಮಾಡಿದ್ದೇಕೆ? ಮೊದಲನೆಯದಕ್ಕೆ ಉತ್ತರ ಒಂದೇ ಸಾಲಿನದು. ಎರಡನೆಯದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗಿರುವ ಕಾರಣ, ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

೧. ಚಿಪ್ಪುಗೇರಿ ಎಂಬುದು ಮಂಡಿಯ ಹಿಂದೆ ರೈಲು ಹಳಿಯ ಕಡೆಗೆ ಇಳಿಜಾರಾಗಿರುವ ಜಾಗ. ಮಂಡಿಯಲ್ಲಿ ಕಾಯಿ ಸುಲಿಯುವವರು, ಮೂಟೆ ಹೊರುವವರು, ಚಿಪ್ಪು ಆಯ್ದು ಮಾರುವವರು ಇಲ್ಲಿದ್ದೇವೆ. ನಾನು ಹುಟ್ಟಿದ್ದೂ ಇಲ್ಲೇ. ನಮಗೆ ಮತದಾರರ ಚೀಟಿ ಇದೆ, ರೇಷನ್ ಕಾರ್ಡ್ ಇದೆ, ಕರೆಂಟು ಬಿಲ್ಲು ತಪ್ಪದೆ ಬರುತ್ತದೆ. ಜಾಗದ ಖಾತೆ ಮಾತ್ರ ಇಲ್ಲ. ಆದ್ದರಿಂದ ದಾಖಲೆಯ ಪ್ರಕಾರ ಈ ಜಾಗ ಖಾಲಿ ಇದೆ. ಚುನಾವಣೆ ಬಂದಾಗ ಈ ಖಾಲಿ ಜಾಗಕ್ಕೆ ಬಂದು ಕೈಮುಗಿದು ಹೋಗುವವರು ಬಹಳ, ಅದು ಬೇರೆ ವಿಷಯ.

೨. ಈ ಖಾಲಿ ಜಾಗಕ್ಕೆ ತಮ್ಮ ಕೋಶದ ವಾಸ್ತುಶಿಲ್ಪಿ ಕುಮಾರಿ ನಿಶ್ಚಿತಾ ಅವರು ಒಂದು ಬೇಸಿಗೆಯಲ್ಲಿ ಬಂದರು. ಅಲ್ಲಿಯತನಕ ಬಂದ ಅಧಿಕಾರಿಗಳೆಲ್ಲ ನಿಂತೇ ಮಾತಾಡಿ ಹೋದವರು. ಈಕೆ ನೆಲದ ಮೇಲೆ ಕೂತರು. ನಮಗೆ ಎಂಥ ಮನೆ ಬೇಕು ಎಂದು ಕೇಳಿದರು. ಈ ಪ್ರಶ್ನೆಯನ್ನು ನಮಗೆ ಹಿಂದೆ ಯಾರೂ ಕೇಳಿರಲಿಲ್ಲ. ಆಗ ಅವರು ರಂಗೋಲಿ ಪುಡಿ ತರಿಸಿ, ಮನೆ ಎಷ್ಟು ದೊಡ್ಡದು ಬೇಕೋ ಅಷ್ಟೇ ದೊಡ್ಡದಾಗಿ ನೆಲದ ಮೇಲೆ ನೀವೇ ಬರೆಯಿರಿ ಎಂದರು.

ಪಕ್ಕದ ಮನೆಯ ತಿಪ್ಪಮ್ಮ ಮೊದಲು ಎದ್ದರು. ಬುಕ್ಕಾಂಬುಧಿಯಿಂದ ಮದುವೆಯಾಗಿ ಬಂದವರು, ಕಾಯಿ ಸುಲಿಯುವುದು ಕೆಲಸ, ಗೇರಿಯಲ್ಲಿ ಯಾರಿಗೆ ಹೊಟ್ಟೆನೋವು ಕಂಡರೂ ಮೊದಲು ಕರೆಯುವುದು ಅವರನ್ನೇ. ಅವರು ಉದ್ದಕ್ಕೊಂದು ಜಗಲಿ ಬರೆದು ಪುಡಿ ವಾಪಸು ಕೊಟ್ಟರು. ಮನೆ ಎಲ್ಲಿ ಎಂದು ಮೇಡಂ ಕೇಳಿದ್ದಕ್ಕೆ, "ಜಗಲಿ ಒಂದಿದ್ರೆ ಒಳಗೆ ಹೆಂಗೋ ಇರ್ತೀವಿ ಕಣವ್ವ" ಎಂದರು. ನನ್ನ ತಾಯಿ ಒಲೆಯ ಮುಂದೆಯೇ ಓಣಿಗೆ ತೆರೆಯುವ ಕಿಟಕಿ ಕೇಳಿದರು, ಸಾರು ಕುದಿಯುವಾಗ ತಿಪ್ಪಮ್ಮನ ಜೊತೆ ಮಾತಾಡಲು. ನನ್ನ ಹೆಂಡತಿ ಶಿರೀನ್ ತಾಜ್ ಬಚ್ಚಲಿಗೆ ಒಳಗಿನಿಂದ ಚಿಲಕ ಬೇಕು ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನಾನೂ ಆಟೋ ನಿಲ್ಲಿಸಲು ಒಂದು ಜಾಗ ಬರೆದೆ. ಅದನ್ನು ಹೆಂಗಸರು ಆ ಕ್ಷಣವೇ ಕಾಲಲ್ಲಿ ಅಳಿಸಿದರು.

೩. ಮನೆ ಎದ್ದಿತು. ಗೇರಿಯಲ್ಲಿ ಸಮತಟ್ಟಾಗಿದ್ದುದು ಹೆಂಗಸರು ಕಾಯಿ ಸುಲಿಯುತ್ತಿದ್ದ ಜಾಗ ಒಂದೇ, ಅದನ್ನೇ ಬಿಟ್ಟುಕೊಟ್ಟೆವು. ಮಣ್ಣಿನ ಇಟ್ಟಿಗೆ ನಾವೇ ಒತ್ತಿದೆವು, ನಾವೇ ಹೊತ್ತೆವು. ಕೂಲಿ ಕೇಳಿದಾಗ ಇದು "ಶ್ರಮ ಸಹಭಾಗಿತ್ವ" ಎಂದು ತಿಳಿಸಲಾಯಿತು. ಜಗಲಿ ಬಂತು, ಕಿಟಕಿ ಬಂತು, ಚಿಲಕ ಬಂತು. ಮನೆ ನಿಜಕ್ಕೂ ಚೆನ್ನಾಗಿತ್ತು. ಇದನ್ನು ನಾನು ಅರ್ಜಿಯ ಸಲುವಾಗಿ ಹೇಳುತ್ತಿಲ್ಲ.

ಮನೆ ಮುಗಿದ ಕೂಡಲೇ ಬೀಗ ಹಾಕಲಾಯಿತು. ಕಾರಣ ಕೇಳಲಾಗಿ ಶ್ರೀ ಓಂಕಾರೇಶ್ ಅವರು ಸಾವಧಾನವಾಗಿ ವಿವರಿಸಿದರು. ಖಾತೆ ಇಲ್ಲದ ಕಾರಣ ಫಲಾನುಭವಿಯನ್ನು ಆರಿಸುವಂತಿಲ್ಲ. ಫಲಾನುಭವಿ ಇಲ್ಲದ ಕಾರಣ ಇದನ್ನು ಮನೆ ಎನ್ನುವಂತಿಲ್ಲ. ಮನೆ ಅಲ್ಲದ ಕಾರಣ ಇದು ಮಾದರಿ. ಆದ್ದರಿಂದ ಗೋಡೆಯ ಮೇಲೆ "ಸಮುದಾಯದಿಂದ, ಸಮುದಾಯಕ್ಕಾಗಿ" ಎಂದು ಫಲಕ ಹಾಕಿ, ಅದರ ಕೆಳಗೆ "ಪ್ರವೇಶವಿಲ್ಲ" ಎಂದು ಬರೆಯಿಸಿದರು. ಜಗಲಿಗೂ ಹಗ್ಗ ಕಟ್ಟಿದರು. ನಿಶ್ಚಿತಾ ಮೇಡಂ ಅವರ ಗುತ್ತಿಗೆ ಅವಧಿ ಅಷ್ಟರಲ್ಲಿ ಮುಗಿದಿತ್ತು. ಹೋಗುವ ದಿನ ಅವರು ನನ್ನ ತಾಯಿಯ ಕೈ ಹಿಡಿದು, ಫೋನ್ ನಂಬರು ಬರೆದುಕೊಂಡು ಬಸ್ಸು ಹತ್ತಿದರು.

೪. ಆಮೇಲೆ ಮನೆ ನೋಡಲು ದೂರದೂರದಿಂದ ಜನ ಬರತೊಡಗಿದರು. ಅವರು ಬಂದಾಗ ಬೀಗ ತೆರೆಯುವುದು, ಗೋಡೆಯ ಗೂಡಿನಲ್ಲಿ ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ ಇಡುವುದು, ಹೋದ ಮೇಲೆ ಬೀಗ ಹಾಕುವುದು. ಒಲೆಯ ಪಕ್ಕ ನಿಲ್ಲಲು ನನ್ನ ತಾಯಿಯನ್ನು ಕರೆಸುತ್ತಿದ್ದರು. ಒಮ್ಮೆ ಬಂದ ಒಬ್ಬ ಮಹನೀಯರು ಈ ಒಲೆಯ ಹೊಗೆ ಸರಿಯಾಗಿ ಹೊರಗೆ ಹೋಗುತ್ತದೆಯೇ ಎಂದು ವಿಚಾರಿಸಿದರು. "ಬಂದ್ರೆ ಹೋಗುತ್ತೆ ಸ್ವಾಮಿ" ಎಂದು ನನ್ನ ತಾಯಿ ಉತ್ತರಿಸಿದರು. ಅಂದಿನಿಂದ ಅವರನ್ನು ಕರೆಸುವುದು ನಿಂತಿತು.

೫. ಈಗ ಬೀಗದ ವಿಷಯ. ಆ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ನಾನು ಮನೆಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಮೇಲಿನ ಮೋರಿಗೆ ತೆಂಗಿನ ಸಿಪ್ಪೆ ಸಿಕ್ಕಿಕೊಂಡು ನೀರೆಲ್ಲ ಗೇರಿಗೆ ತಿರುಗಿತು. ಶಿರೀನ್‌ಗೆ ದಿನ ತುಂಬಿತ್ತು. ಬೆಳಗಿನಿಂದಲೇ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದವಳಿಗೆ ನೋವು ಜೋರಾಯಿತು. ಆಂಬ್ಯುಲೆನ್ಸಿಗೆ ಫೋನು ಮಾಡಿದೆ; ಅದು ಬಂದರೂ ನೀರಿನ ಕಾರಣ ಓಣಿಯ ತಲೆಯಲ್ಲೇ ನಿಂತಿತು. ಅಷ್ಟರಲ್ಲಿ ನಮ್ಮ ಹಿಂದಿನ ಗೋಡೆ ಹೊಟ್ಟೆ ಮುಂದೆ ಮಾಡಿ, ಒಂದು ಸಲ ಉಸಿರು ಬಿಟ್ಟ ಹಾಗೆ ಮಾಡಿ, ಒಳಕ್ಕೇ ಕುಸಿಯಿತು. ಶಿರೀನ್ ಆಗತಾನೆ ಆ ಮೂಲೆಯಿಂದ ಈಚೆಗೆ ಬಂದಿದ್ದಳು.

ನಿಯಮ ಗೊತ್ತಿದ್ದ ಕಾರಣ ನಾನು ಮೊದಲು ಶ್ರೀ ಓಂಕಾರೇಶ್ ಅವರಿಗೆ ಫೋನು ಮಾಡಿ ಬೀಗದ ಕೈ ಕೇಳಿದೆ. ಅವರು ಅಯ್ಯೋ ಪಾಪ ಎಂದರು. ಮನಸ್ಸಿನಿಂದಲೇ ಎಂದರು, ಅನುಮಾನವಿಲ್ಲ. ಆದರೆ ಲಿಖಿತ ಕೋರಿಕೆ ಬೇಕು, ಅದು ಮೇಲಕ್ಕೆ ಹೋಗಿ ಬರಬೇಕು, ನಾಳೆ ನೋಡಿದರೆ ಎರಡನೇ ಶನಿವಾರ ಎಂದರು. ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ನನ್ನ ತಾಯಿ ಕಾಯಿ ಸುಲಿಯುವ ಕಬ್ಬಿಣದ ಸಲಾಕೆಯನ್ನು ನೆಲದಿಂದ ಕಿತ್ತುಕೊಂಡು ಮೊಣಕಾಲುದ್ದದ ನೀರಲ್ಲಿ ನಡೆದರು. ಬೀಗ ಒಡೆದವರು ಅವರೇ. ತಾವು ಕೇಳಿದ ಮೊದಲ ಪ್ರಶ್ನೆಗೆ ಇದೇ ಉತ್ತರ. ಅದನ್ನು ನಾನು ಒಡೆದೆ ಎಂದು ಬರೆಯಲು ಹೊರಟಿದ್ದೆ. ತಾಯಿ ಒಪ್ಪಲಿಲ್ಲ. "ನನ್ನೆಸ್ರೇ ಬರಿ. ನಿಮ್ಮಪ್ಪನ ಹೆಸರೂ ಸೇರ್ಸು, ಅವ್ರಿದ್ದಿದ್ರೂ ಇದ್ನೇ ಮಾಡೋರು" ಎಂದರು. ಉಲ್ಲೇಖ ೩ರಲ್ಲಿ ನಮೂದಿಸಿರುವ ಆದೇಶ ಇದೇ.

ತಿಪ್ಪಮ್ಮ ನೀರು ಕಾಯಿಸಿದರು. ಒಲೆ ಮೊದಲ ಸಲ ಹೊತ್ತಿತು. ಆಂಬ್ಯುಲೆನ್ಸಿನ ನರ್ಸಮ್ಮ ನೀರಲ್ಲಿ ನಡೆದುಕೊಂಡೇ ಬಂದರು. ನಾನು, ತಿಪ್ಪಮ್ಮನ ಗಂಡ ಹನುಮಂತಪ್ಪ, ಇನ್ನುಳಿದ ಗಂಡಸರೆಲ್ಲ ಜಗಲಿಯ ಮೇಲೆ ನಿಂತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಒಳಗೆ ಮಗು ಅತ್ತಿತು. ಹೆಣ್ಣು. ತಿಪ್ಪಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೊಗೆ ಚೆನ್ನಾಗಿ ಹೋಯ್ತದೆ ಕಣ್ರಪ್ಪ" ಎಂದರು.

೬. ಮಳೆ ನಿಂತ ಮೇಲೂ ಯಾಕೆ ಖಾಲಿ ಮಾಡಲಿಲ್ಲ ಎಂದು ತಾವು ಕೇಳಬಹುದು. ಹೋಗಲು ಗೋಡೆ ಇರಲಿಲ್ಲ. ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ಸರ್ಕಾರಿ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಬೇಕು. ಮುಂದಿನ ವಾರ ಸಂಜೆ ಮತ್ತೆ ಮಳೆ ಬಂತು. ಮೊದಲ ಹನಿಯ ಸದ್ದಿಗೇ ನನ್ನ ತಾಯಿ ಅಭ್ಯಾಸಬಲದಿಂದ ಎದ್ದು, ಸೋರುವಲ್ಲಿ ಇಡಲು ಪಾತ್ರೆಗಳನ್ನೆಲ್ಲ ಎತ್ತಿಕೊಂಡರು. ಸೂರಿನ ಕಡೆ ನೋಡಿದರು. ಆ ಮೂಲೆಗೆ ಹೋದರು, ಈ ಮೂಲೆಗೆ ಹೋದರು. ಎಲ್ಲಿಯೂ ಇಡಲು ಜಾಗ ಸಿಗದೆ, ಪಾತ್ರೆಗಳನ್ನು ಎದೆಗೆ ಅವಚಿಕೊಂಡು ಮಳೆ ನಿಲ್ಲುವತನಕ ನಡುಮನೆಯಲ್ಲಿ ನಿಂತೇ ಇದ್ದರು.

ಜಗಲಿಯ ಹಗ್ಗ ಬಿಚ್ಚಿದ್ದು ಯಾರೆಂದು ಗೊತ್ತಿಲ್ಲ. ಈಗ ಅಲ್ಲಿ ಹೆಂಗಸರು ಕಾಯಿ ಸುಲಿಯುತ್ತಾರೆ, ಶಾಲೆಯ ಮಕ್ಕಳು ಬರೆಯುತ್ತಾರೆ. ಹನುಮಂತಪ್ಪ ಮಧ್ಯಾಹ್ನ ಮಲಗುತ್ತಾರೆ. ಬಚ್ಚಲಿಗೆ ಸರದಿಯ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಬರುತ್ತಾರೆ. ಚಿಲಕ ಹಾಕಿಕೊಳ್ಳುವ ಸದ್ದು ಒಳಗಿನಿಂದ ಕೇಳುತ್ತದೆ.

೭. ಹೀಗಿರುವಾಗ ಒಂದು ಬೆಳಿಗ್ಗೆ ಶ್ರೀ ಓಂಕಾರೇಶ್ ಅವರು ಹೊರಗಿನ ಗಣ್ಯರ ತಂಡದೊಂದಿಗೆ ಬಂದರು. ನಮ್ಮನ್ನು ಕಂಡು ಅವರ ಮುಖ ಬಿಳಿಚಿತು. ನನ್ನನ್ನು ಪಕ್ಕಕ್ಕೆ ಕರೆದು, "ಈಗ ಮರ್ಯಾದೆ ಉಳ್ಸಪ್ಪ, ಆಮೇಲೆ ಏನಿದ್ರೂ ಮಾತಾಡಾಣ" ಎಂದು, ತಂಡದ ಕಡೆ ತಿರುಗಿ, ವೀಕ್ಷಕರ ಅನುಕೂಲಕ್ಕಾಗಿ ಇಂದು ಒಂದು ಕುಟುಂಬವನ್ನು ಏರ್ಪಾಡು ಮಾಡಲಾಗಿದೆ ಎಂದರು.

ಗಣ್ಯರಿಗೆ ಬಹಳ ಸಂತೋಷವಾಯಿತು. ಇಷ್ಟು ಸಹಜವಾದ ಪ್ರದರ್ಶನವನ್ನು ಎಲ್ಲೂ ನೋಡಿಲ್ಲ ಎಂದರು. ತೊಟ್ಟಿಲ ಫೋಟೋ ತೆಗೆದರು, ಹೊಗೆ ಹತ್ತಿದ ಗೋಡೆಯ ಫೋಟೋ ತೆಗೆದರು. ಒಬ್ಬ ಅಮ್ಮಾವ್ರು ಶಿರೀನ್‌ಳನ್ನು, ನೀವು ದಿನಾ ಇಲ್ಲಿಗೆ ಬರುತ್ತೀರಾ ಎಂದು ವಿಚಾರಿಸಿದರು. ಶಿರೀನ್ ನನ್ನ ಮುಖ ನೋಡಿದಳು. ನಾನು ಓಂಕಾರೇಶ್ ಅವರ ಮುಖ ನೋಡಿದೆ. ಅವರು ಮಗುವಿನ ಮುಖ ನೋಡಿದರು. ಬರುತ್ತೇನೆ ಎಂದಳು ಶಿರೀನ್. ಆ ಫೋಟೋ ಈಗ ತಮ್ಮ ಕೋಶದ ಕೈಪಿಡಿಯ ಮುಖಪುಟದಲ್ಲಿದೆ, ಕೆಳಗೆ "ಜನರ ಕನಸು ನನಸು" ಎಂದಿದೆ. ನಿಶ್ಚಿತಾ ಮೇಡಂ ಅದನ್ನು ಎಲ್ಲೋ ನೋಡಿ ನನ್ನ ತಾಯಿಗೆ ಫೋನು ಮಾಡಿದ್ದರು. ಕಿಟಕಿ ಉಪಯೋಗವಾಗುತ್ತಿದೆಯೇ ಎಂದು ಕೇಳಿ, ಆಗುತ್ತಿದೆ ಎಂದದ್ದಕ್ಕೆ, ಅದೇ ಕಿಟಕಿಯಿಂದ ಫೋನನ್ನು ತಿಪ್ಪಮ್ಮನಿಗೂ ಕೊಡಿಸಿದರಂತೆ.

೮. ಕೈಪಿಡಿ ಬಂದ ವಾರವೇ ನೋಟಿಸೂ ಬಂತು. ಅದರ ಬೆನ್ನಿಗೆ ಶ್ರೀ ಓಂಕಾರೇಶ್ ಅವರು ಫೋನು ಮಾಡಿ, ಇನ್ನೂ ದೊಡ್ಡ ತಂಡ ಬರಲಿರುವ ಕಾರಣ ನಾವು ಕೂಡಲೇ ಖಾಲಿ ಮಾಡತಕ್ಕದ್ದು ಎಂದೂ, ಆದರೆ ಹಿಂದಿನ ತಂಡ ಮೆಚ್ಚಿಕೊಂಡಿರುವ ಕಾರಣ ತೊಟ್ಟಿಲು, ಒಲೆಯ ಮೇಲಿನ ಪಾತ್ರೆ ಮತ್ತು ಗೋಡೆಯ ಹೊಗೆಯನ್ನು ಇದ್ದ ಹಾಗೇ ಬಿಟ್ಟು ಹೋಗತಕ್ಕದ್ದು ಎಂದೂ ಸೂಚಿಸಿದರು.

ಈ ಸೂಚನೆಯನ್ನು ಪಾಲಿಸಲು ನಾವು ಮನೆಮಂದಿಯೆಲ್ಲ ಕೂತು ಪ್ರಾಮಾಣಿಕವಾಗಿ ಯೋಚಿಸಿದೆವು. ತೊಟ್ಟಿಲು ಬಿಡುವುದಾದರೆ ಮಗುವನ್ನೂ ಬಿಡಬೇಕಾಗುತ್ತದೆ. ಕಾರಣ, ಬರಿದಾದ ತೊಟ್ಟಿಲನ್ನು ತೂಗಬಾರದು ಎಂದು ತಿಪ್ಪಮ್ಮ ಹೇಳುತ್ತಾರೆ. ಮಗುವನ್ನು ಬಿಟ್ಟರೆ ತಾಯಿಯನ್ನೂ ಬಿಡಬೇಕು. ಕಾರಣ, ಮಗು ಇನ್ನೂ ಹಾಲು ಕುಡಿಯುತ್ತದೆ. ಬಾಣಂತಿಗೆ ಬೇಯಿಸಿ ಹಾಕಲು ನನ್ನ ತಾಯಿ ಬೇಕು. ನನ್ನ ತಾಯಿಗೆ ಕಿಟಕಿಯಾಚೆ ತಿಪ್ಪಮ್ಮ ಬೇಕು. ಕಾರಣ, ಮಾತಿಲ್ಲದೆ ಮಾಡಿದ ಸಾರು ಅವರಿಗೇ ರುಚಿಸುವುದಿಲ್ಲ. ಅಕ್ಕಿ ತರಲು ನಾನು. ಗೋಡೆಯ ಹೊಗೆ ದಿನಾ ಒಲೆ ಉರಿಯದಿದ್ದರೆ ಮಾಸಿಹೋಗುತ್ತದೆ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ,

(ಅ) ನನ್ನ ಕುಟುಂಬವನ್ನು ಮಾದರಿ ಮನೆಯ ದಾಸ್ತಾನು ಪಟ್ಟಿಯಲ್ಲಿ "ಪ್ರದರ್ಶನ ಸಾಮಗ್ರಿ" ಎಂದು ಸೇರಿಸಿಕೊಳ್ಳಬೇಕು. ಸಾಮಗ್ರಿ ಅಲ್ಲೇ ಇರುವುದು ವಾಸ ಎನಿಸಿಕೊಳ್ಳುವುದಿಲ್ಲ.

(ಆ) ಮನೆ ಕೊಡಲು ಖಾತೆ ಬೇಕು, ಮಾದರಿ ಕಟ್ಟಲು ಖಾತೆ ಬೇಕಿಲ್ಲ ಎಂಬುದು ತಮ್ಮ ಕೋಶದಿಂದಲೇ ಸಾಬೀತಾಗಿದೆ. ಆದಕಾರಣ ಚಿಪ್ಪುಗೇರಿಯ ಉಳಿದ ಕುಟುಂಬಗಳಿಗೂ ಒಂದೊಂದು ಮಾದರಿಯನ್ನೇ ಕಟ್ಟಿಸಬೇಕು. ಅದರಲ್ಲಿ ಸಹಜ ಪ್ರದರ್ಶನ ನೀಡಲು ಎಲ್ಲರೂ ಒಪ್ಪಿರುತ್ತಾರೆ. ಇಟ್ಟಿಗೆ ನಾವೇ ಒತ್ತುತ್ತೇವೆ.

ತಮ್ಮ ವಿಶ್ವಾಸಿ ಹಾಗೂ ಸದ್ಯಕ್ಕೆ ಮಾದರಿ ಮನೆಯ ವಾಸಿ,
ಮುನಾವರ್

ಸ್ಥಳ: ಜಗಲಿ
ದಿನಾಂಕ: ನೋಟಿಸಿನ ಗಡುವಿಗೆ ಮುಂಚೆ

ಲಗತ್ತುಗಳು:
೧) ಬೀಗ (ಒಡೆದದ್ದು).
೨) ರಹಮತ್ ಬಿ ಅವರ ಹೆಬ್ಬೆಟ್ಟು, ಗಂಡನ ಹೆಸರು ಸಹಿತ.
೩) ಜಗಲಿಯ ಮೇಲೆ ಕೂತಿದ್ದವರೆಲ್ಲರ ಸಹಿ. ಹನುಮಂತಪ್ಪ ನಿದ್ದೆಯಲ್ಲಿದ್ದ ಕಾರಣ ಅವರದು ನಂತರ ಸಲ್ಲಿಸಲಾಗುವುದು.
೪) ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ. ಮುಂದೆ ಮಗು ಬಾಯಿಗೆ ಹಾಕಿಕೊಳ್ಳುವ ಸಂಭವ ಇರುವುದರಿಂದ ವಾಪಸು ಕಳುಹಿಸಿದೆ.

ವಿ.ಸೂ.: ಒಳಗೆ ಯಾರೂ ಇಲ್ಲದಿದ್ದ ಕಾಲದಲ್ಲಿ ಅತಿಥಿಗಳು ನೇರವಾಗಿ ಬಾಗಿಲು ನೂಕಿಕೊಂಡು ಬರುವ ರೂಢಿಯಾಗಿದೆ. ದೊಡ್ಡ ತಂಡ ಬಂದಾಗ ದಯವಿಟ್ಟು ಬಾಗಿಲು ತಟ್ಟಿ, ಒಳಗಿನಿಂದ ಯಾರಾದರೂ "ಯಾರು?" ಎಂದು ಕೇಳುವವರೆಗೆ ಕಾಯಬೇಕಾಗಿ ವಿನಂತಿ.