ಊರೆಲ್ಲ ಸುತ್ತಿ ಮನೆಗೆ ಮರಳಿದ ಹಸಿರು ರವಿಕೆ ಕಣಕ್ಕೆ

ಮಾನ್ಯ ಹಸಿರು ರವಿಕೆ ಕಣದವರೇ,

ಕೃಷ್ಣಮೂರ್ತಿಪುರಂನ ನಮ್ಮ ಬೀರುವಿಗೆ ಮೂರನೆಯ ಬಾರಿ ದಯಮಾಡಿಸಿರುವ ತಮಗೆ ಮನೆಮಂದಿಯ ನಮಸ್ಕಾರಗಳು. ಇಷ್ಟು ತಿರುಗಾಟದಲ್ಲೂ ತಮ್ಮ ಒಂದು ಮಡಿಕೆಯೂ ಕೆಡದಿರುವುದು ಸಂತೋಷದ ಸಂಗತಿ.

ಜವಳಿ ಉದ್ಯಮ ಮರುಬಳಕೆಯತ್ತ ಹೊರಳಬೇಕೆಂದು ಕಳೆದ ತಿಂಗಳು ನಮ್ಮೂರಿನಲ್ಲಿ ವಿಚಾರ ಸಂಕಿರಣ ನಡೆಯಿತು. ಹಳೆಯ ಬಟ್ಟೆಯನ್ನು ಚಿಂದಿ ಮಾಡಿ, ಎಳೆ ಬಿಡಿಸಿ, ಮತ್ತೆ ನೂಲು ತೆಗೆಯುವ ಯಂತ್ರಗಳ ಚಿತ್ರ ತೋರಿಸಿದರು. ಹಿಂದಿನ ಸಾಲಿನಲ್ಲಿ ಕುಳಿತು ನಾನು ತಮ್ಮನ್ನೇ ನೆನೆದೆ. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಮುಖ್ಯವಾಗಿ ಒಮ್ಮೆಯೂ ಬಳಕೆಯಾಗದೆ ಮರುಬಳಕೆಯಾಗುತ್ತಿರುವ ಬಟ್ಟೆ ತಾವೊಬ್ಬರೇ ಇರಬೇಕು. ಅರಿಶಿನ ಕುಂಕುಮದ ಜೊತೆ, ತೆಂಗಿನಕಾಯಿಯ ಕೆಳಗೆ ಕುಳಿತು, ತಾವು ರಾಮಕೃಷ್ಣನಗರದ ಗೃಹಪ್ರವೇಶಕ್ಕೆ ಹೋಗಿ ಇನ್ಯಾರದೋ ಸೀಮಂತದಿಂದ ನಮ್ಮಲ್ಲಿಗೇ ಬಂದಿರಿ.

ನನ್ನ ದೂರು ಇಷ್ಟೇ. ತಮ್ಮನ್ನು ಮೊದಲು ನನ್ನ ಹೆಂಡತಿ ಶಾಂತಾದೇವಿಗೆ ಕೊಟ್ಟವರು ಅವಳ ಗೆಳತಿ, ಯಾದವಗಿರಿಯ ದಾಕ್ಷಾಯಣಮ್ಮನವರು. ಅದನ್ನು ಮರೆತ ಶಾಂತಾದೇವಿ ಈ ಗೌರಿಹಬ್ಬಕ್ಕೆ ತಮ್ಮನ್ನು ಅವರ ಕೈಗೇ ಇಟ್ಟಳು. ಅಂಚಿನಲ್ಲಿರುವ ಇಸ್ತ್ರಿಪೆಟ್ಟಿಗೆಯ ಕಲೆಯನ್ನು ಅವರು ಗುರುತು ಹಿಡಿದರು. "ನಾ ಪ್ರೀತಿಯಿಂದ ಕೊಟ್ಟಿದ್ನ ನನ್ಗೇ ವಾಪಸ್ ಕೊಟ್ಬುಟ್ಯಲ್ಲೇ ಶಾಂತಾ!" ಎಂದು ತಮ್ಮನ್ನು ಜಗಲಿಯ ಮೇಲಿಟ್ಟು ಹೋದವರು ಇಂದಿಗೂ ಮಾತಾಡಿಲ್ಲ. "ಕಲೆ ಇರೋದನ್ನ ನಂಗೆ ಕೊಟ್ಟಿದ್ದು ಮಾತ್ರ ಪ್ರೀತಿಯೇನ್ರೀ?" ಎಂದು ನನ್ನವಳು ಕೇಳುತ್ತಾಳೆ, ಕೊಟ್ಟವನು ನಾನೇ ಎಂಬಂತೆ. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಹೊಲಿಸಿ ತೊಟ್ಟು ತೋರಿಸಿದರೆ ಗೆಳತಿಯ ಕೋಪ ಇಳಿದೀತೆಂದು ಅವಳು ತಮ್ಮನ್ನು ದರ್ಜಿ ಸಿದ್ದಮಲ್ಲಪ್ಪನ ಬಳಿಗೆ ಒಯ್ದಳು. ಆತ ಟೇಪು ಹಿಡಿದು, "ತೋಳು ಬೇಕೋ ಬೆನ್ನು ಬೇಕೋ, ಒಂದು ಹೇಳ್ಬುಡಿ ಕಣಮ್ಮ" ಎಂದ. ತಮ್ಮ ದೀರ್ಘಾಯುಷ್ಯದ ಗುಟ್ಟು ಆಗ ತಿಳಿಯಿತು.

ಆದ್ದರಿಂದ ಬೀರುವಿನ ಕತ್ತಲಲ್ಲಿ ದಯವಿಟ್ಟು ಒಂದು ಗೇಣು ಬೆಳೆಯಿರಿ. ಆಗದಿದ್ದರೆ ಯಾದವಗಿರಿಗೆ ತಾವೇ ನಡೆದುಹೋಗಿ ತಪ್ಪೆಲ್ಲ ತಮ್ಮದೆಂದು ಒಪ್ಪಿಕೊಳ್ಳಿ. ಅದೂ ಆಗದಿದ್ದರೆ ಮುಂದಿನ ಸಂಕಿರಣದ ಅಧ್ಯಕ್ಷತೆ ವಹಿಸಿ. ಅಲ್ಲಿ ಹೊದಿಸುವ ಸನ್ಮಾನದ ಶಾಲುಗಳೂ ತಮ್ಮ ಹಾದಿಯಲ್ಲೇ ಇವೆ.

ಬೀರುವಿನ ಬಾಗಿಲು ತಮಗಾಗಿ ಸದಾ ತೆರೆದಿಟ್ಟಿರುವ,
ತಮ್ಮ ವಿಶ್ವಾಸಿ,
ಚಂದ್ರಮೌಳಿ
ಮೈಸೂರು, 2003

ವಿ.ಸೂ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ, ಹಳೇ ಬಟ್ಟೆಗೆ ಪಾತ್ರೆ ಕೊಡುವ ಪುಟ್ಟಮಾದಮ್ಮ ತಮ್ಮನ್ನೂ ನನ್ನ ಎರಡು ಪ್ಯಾಂಟುಗಳನ್ನೂ ಒಯ್ದು ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಶಾಂತಾದೇವಿ ಅದಕ್ಕೆ ದಾಕ್ಷಾಯಣಮ್ಮನವರ ಹೆಸರು ಕೆತ್ತಿಸಿ, ಇನ್ನು ಯಾರಿಗೂ ದಾಟಿಸಲಾಗದಂತೆ ಮಾಡಿ, ರವೆ ಉಂಡೆ ತುಂಬಿಕೊಂಡು ಯಾದವಗಿರಿಗೆ ಹೋದಳು. ಇಬ್ಬರೂ ನಕ್ಕರಂತೆ, ಸಂಜೆಯವರೆಗೆ ಮಾತಾಡಿದರಂತೆ. ಹೊರಡುವಾಗ ಕುಂಕುಮದ ಜೊತೆ ಒಂದು ಕೆಂಪು ರವಿಕೆ ಕಣ ಕೊಟ್ಟಿದ್ದಾರೆ. ಅಳೆದು ನೋಡಿದೆ. ತಮಗಿಂತ ಎರಡು ಬೆರಳು ಕಮ್ಮಿ.