ಹ್ಯಾಡ್ ಬೀನ್ ಎಂಬ ಭೂತ

ಇಂಗ್ಲಿಷಿನವರಿಗೆ ಒಂದು ಭೂತಕಾಲ ಸಾಲದೇ ಹೋದದ್ದು ಟೈರ್ ಗೋದಾಮಿನ ಗುಮಾಸ್ತನ ಹಣೆಬರಹ. ಕನ್ನಡದಲ್ಲಾದರೆ ‘ಮಾಡ್ತಿದ್ದೆ’ ಎಂದರೆ ಮುಗಿಯಿತು. ಎಷ್ಟು ಹೊತ್ತಿನಿಂದ, ಯಾರು ಬರುವ ತನಕ ಎಂದು ಯಾರೂ ಜೀವ ತಿನ್ನುವುದಿಲ್ಲ. (ಗಂಡಂದಿರ ಅನುಕೂಲಕ್ಕೆಂದೇ ಹುಟ್ಟಿದ ಭಾಷೆ.) ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಟೆನ್ಸ್ ಎಂಬ ಭೂತವೊಂದಿದೆ. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲೇ ಬಾಯಿ ಒಣಗುತ್ತದೆ.

ಹೆಡ್ ಕ್ಲರ್ಕ್ ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಗಿತ್ತು. ಫ್ಯಾನಿನ ಕೆಳಗಿನ ಕುರ್ಚಿ, ಅದಕ್ಕೆ ಕೈಗಳು ಬೇರೆ. ಅದರ ಮೇಲೆ ಗುಮಾಸ್ತ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಆದರೆ ಹೊಸ ಮ್ಯಾನೇಜರಿಗೆ ವ್ಯಾಕರಣದ ಹುಚ್ಚು. ಸಂದರ್ಶನದಲ್ಲಿ ಟೈರಿನ ಮಾತೇ ಎತ್ತದೆ, ಈ ಟೆನ್ಸಿನಲ್ಲಿ ಒಂದು ವಾಕ್ಯ ಹೇಳಿ ಅನ್ನುತ್ತಾರಂತೆ ಎಂದು ಸುದ್ದಿ ಹಬ್ಬಿತ್ತು. ಗುಮಾಸ್ತ ಗಂಡನೆಂಬ ಬಿಂಕವನ್ನು ಬದಿಗಿಟ್ಟು, ಶಾಲೆಯಲ್ಲಿ ಇಂಗ್ಲಿಷ್ ಮೇಡಮ್ಮಾಗಿದ್ದ ಸ್ವಂತ ಹೆಂಡತಿಗೆ ಶಿಷ್ಯನಾದ.

ಗುರುಕುಲ ಅಡುಗೆಮನೆಯಲ್ಲಿ ನಡೆಯಿತು. ಮೊದಲ ದಿನ ಅವಳು ಹುರುಳಿಕಾಯಿ ಕತ್ತರಿಸುತ್ತಾ ‘ಹ್ಯಾಡ್ ಬೀನ್’ ಅಂದಳು. ಇಷ್ಟೊಂದು ಇರುವಾಗ ‘ಬೀನ್ಸ್’ ಅನ್ನಬೇಕಲ್ಲವೇ ಎಂದು ಕೇಳಿ ಈತ ತಲೆಗೆ ಮೊಟಕಿಸಿಕೊಂಡ.

“ರೀ, ಸರಿಯಾಗಿ ಕೇಳಿ. ಒಂದು ಕೆಲಸ ತುಂಬಾ ಹೊತ್ತಿಂದ ನಡೀತಾ ಇರಬೇಕು. ಆಮೇಲೆ ಇನ್ನೊಂದೇನೋ ಆಗಬೇಕು. ಎರಡೂ ಮುಗಿದು ಹೋದ ಸಂಗತಿ. ಆ ಎರಡನೇದು ಆಗೋ ಹೊತ್ತಿಗೆ ಮೊದಲನೇದು ಎಷ್ಟು ಹೊತ್ತಿಂದ ನಡೀತಿತ್ತು ಅಂತ ಹೇಳೋಕೆ ಇದು.”

ಗುಮಾಸ್ತ ಯೋಚಿಸಿ, “ನಮ್ಮ ಮದುವೆ ಆಗೋ ಹೊತ್ತಿಗೆ ನಾನು ಸುಖವಾಗಿ ಬದುಕ್ತಾ ಇದ್ದೆ” ಅಂದ. ಸೌಟು ಬೀಳುತ್ತದೆಂದು ತಲೆಯನ್ನೂ ತಗ್ಗಿಸಿಕೊಂಡ. ಮೇಡಮ್ಮಿಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ.

“ಎಷ್ಟು ವರ್ಷದಿಂದ? ಅದನ್ನ ಹೇಳದೇ ಇದ್ರೆ ಅರ್ಧ ಮಾರ್ಕು.”

ಗೈಡಿನಲ್ಲಿದ್ದ ವಾಕ್ಯಗಳನ್ನು ಉರು ಹೊಡೆದದ್ದೂ ಆಯಿತು. ಯಾವನೋ ಒಬ್ಬ ಎಲ್ಲಿಗೋ ಹೋಗುವ ರೈಲಿಗೆ ಕಾಯುತ್ತಾ ನಿಂತಿದ್ದನ್ನು ಹೇಳಹೊರಟರೆ ಈತನ ನಾಲಿಗೆ ರೈಲಿಗಿಂತ ಮೊದಲೇ ಹಳಿ ತಪ್ಪುತ್ತಿತ್ತು. ಕೊನೆಗೆ ಅವಳೇ ಕೈಚೆಲ್ಲಿ, ಯಾರದೋ ಕಥೆ ಕಟ್ಟೋಕೆ ಹೋಗಬೇಡಿ, ನಿಮಗೇ ಆಗಿದ್ದನ್ನ ಹೇಳಿ, ತಾನಾಗಿ ಬರುತ್ತೆ ಎಂದು ಗುರೂಪದೇಶ ಮಾಡಿದಳು.

ಸಂದರ್ಶನದ ದಿನ ಮ್ಯಾನೇಜರು ಕೇಳಿದ್ದು ಅದನ್ನೇ. ಗೈಡು, ರೈಲು ಎಲ್ಲ ತಲೆಯಿಂದ ಮಾಯ. ನಿಮಗೇ ಆಗಿದ್ದನ್ನ ಹೇಳಿ ಅಂದದ್ದು ಮಾತ್ರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಗುಮಾಸ್ತ ಕಣ್ಣುಮುಚ್ಚಿ, ಜೀವಮಾನದಲ್ಲಿ ಮೊದಲ ಸಲ ಒಂದೂ ತಡವರಿಕೆಯಿಲ್ಲದ ಇಂಗ್ಲಿಷಿನಲ್ಲಿ ಹೇಳಿದ: ಹೋದ ತಿಂಗಳು ತಾವು ಗೋದಾಮಿಗೆ ಬರುವ ಹೊತ್ತಿಗೆ ನಾನು ಟ್ರಾಕ್ಟರ್ ಟೈರಿನೊಳಗೆ ಮಲಗಿ ನಿದ್ದೆ ಹೊಡೆಯುತ್ತಿದ್ದೆ.

ಮ್ಯಾನೇಜರ ಪೆನ್ನು ನಿಂತಿತು. ಅರ್ಧ ಮಾರ್ಕು ಹೋದೀತೆಂದು ಹೆದರಿದ ಗುಮಾಸ್ತ ಗಡಿಬಿಡಿಯಲ್ಲಿ ಸೇರಿಸಿದ: ಮೂರು ಗಂಟೆಗಳಿಂದ.

ವ್ಯಾಕರಣ ಪರಿಶುದ್ಧವಾಗಿದೆ ಎಂದು ಹೊಗಳಿ ಅವರು ಬಾಗಿಲು ತೋರಿಸಿದರು. ಕುರ್ಚಿ ಸಿಕ್ಕಿದ್ದು ‘ಐ ಈಸ್’ ಎನ್ನುವ ಪಕ್ಕದ ಮೇಜಿನವನಿಗೆ.

ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ ಗಂಡನಿಂದ ಎಲ್ಲ ಕೇಳಿದ ಮೇಡಮ್ಮು ಮೊದಲು ಹಿಗ್ಗಿದಳು. ಕಾಲಾವಧಿ ಸಮೇತ ಹೇಳಿದನಲ್ಲ, ಇನ್ನೇನು ಬೇಕು. ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು.

“ಮೂರು ಗಂಟೆ. ದಿನಾನಾ?”

“ದಿನಾ ಅಂದ್ರೆ... ಊಟ ಆದ ದಿನ.”

“ಮತ್ತೆ ಸಂಜೆ ಬಂದು, ದುಡಿದು ದುಡಿದು ಸೊಂಟ ಬಿದ್ದುಹೋಯ್ತು ಕಣೇ, ಒಂದು ಲೋಟ ಎತ್ತೋಕೂ ಆಗಲ್ಲ ಅಂತ ಸೋಫಾ ಮೇಲೆ ಉರುಳ್ಕೋತಿದ್ರಲ್ಲ?”

ಸೋಫಾದ ಕಡೆ ಹೊರಟಿದ್ದ ಗುಮಾಸ್ತ ಅಲ್ಲೇ ನಿಂತ.

“ನಾನೂ ಒಂದು ವಾಕ್ಯ ಹೇಳ್ತೀನಿ, ಸರಿ ಇದೆಯಾ ನೋಡಿ. ನಿಮ್ಮ ನಿದ್ದೆ ವಿಷಯ ಗೊತ್ತಾಗೋ ಹೊತ್ತಿಗೆ, ನಾನು ಹನ್ನೊಂದು ವರ್ಷದಿಂದ ಒಬ್ಬಳೇ ಪಾತ್ರೆ ತಿಕ್ತಾ ಇದ್ದೆ.”

ಅವನು ಪ್ರಾಮಾಣಿಕವಾಗಿ ತೂಗಿ ನೋಡಿದ. ಬಹಳ ಕಾಲ ನಡೆದ ಕೆಲಸ ಇತ್ತು, ಆಮೇಲೆ ಆದ ಸಂಗತಿ ಇತ್ತು, ಎಷ್ಟು ವರ್ಷ ಅನ್ನುವುದೂ ಇತ್ತು. ತಪ್ಪು ಹಿಡಿಯಲು ಎಲ್ಲಿಯೂ ಜಾಗವಿರಲಿಲ್ಲ.

“ಸರಿಯಾಗೇ ಇದೆ,” ಅಂದ. “ಮುಂದೆ?”

“ಮುಂದಿಂದು ಫ್ಯೂಚರ್ ಟೆನ್ಸು,” ಎಂದು ಅವಳು ಪಾತ್ರೆ ತಿಕ್ಕುವ ನಾರನ್ನು ಅವನ ಕೈಗಿತ್ತು, ಸೋಫಾದ ಮೇಲೆ ಕಾಲು ಚಾಚಿದಳು.